ಸಾಲೊಮನ್ ಗಣಿಯ ಓದುಗರು: ಒಂದು ಸಾಹಸ ಕಾದಂಬರಿ ಪಡೆದ ಅಭಿಪ್ರಾಯಗಳ ಚರಿತ್ರೆ

ಲಂಡನ್ನಿನ ಕ್ಯಾಸೆಲ್ ಸಂಸ್ಥೆ 1885ರ ಸೆಪ್ಟೆಂಬರಿನಲ್ಲಿ ಹೊರತಂದ ‘ಕಿಂಗ್ ಸಾಲೊಮನ್ಸ್ ಮೈನ್ಸ್’ ಕಾದಂಬರಿಯ ಮೊದಲ ಮುದ್ರಣವನ್ನೂ ಅನಂತರದ ಮುದ್ರಣಗಳನ್ನೂ ಅಕ್ಕಪಕ್ಕ ಇಟ್ಟು ಓದಿದರೆ, ಒಂದು ಅಧ್ಯಾಯದಲ್ಲಿ ಆಕಾಶವೇ ಬದಲಾಗಿರುವುದು ಕಾಣುತ್ತದೆ. ಆಫ್ರಿಕದ ಒಳನಾಡಿನ ಕುಕುವಾನಾ ಜನರನ್ನು ಬೆರಗುಗೊಳಿಸಲು ಮೂವರು ಆಂಗ್ಲರು ಗ್ರಹಣವೊಂದನ್ನು ತಮ್ಮ ಶಕ್ತಿಯೆಂದು ತೋರಿಸಿಕೊಳ್ಳುವ ಪ್ರಸಂಗವದು. ಮೊದಲ ಮುದ್ರಣದಲ್ಲಿ ಅದು ಸೂರ್ಯಗ್ರಹಣ. ಆದರೆ ಅದರ ಹಿಂದುಮುಂದಿನ ರಾತ್ರಿಗಳಲ್ಲಿ ಲೇಖಕರು ತುಂಬುಚಂದಿರನನ್ನು ಬೆಳಗಿಸಿದ್ದರು. ಅಮಾವಾಸ್ಯೆಯಂದಲ್ಲದೆ ಸೂರ್ಯಗ್ರಹಣವಿಲ್ಲ ಎಂಬುದು ಪಂಚಾಂಗ ನೋಡಿದವರಿಗೆಲ್ಲ ಗೊತ್ತು. ತಪ್ಪು ಓದುಗರ ಕಣ್ಣಿಗೆ ಬಿತ್ತು. ಲೇಖಕ ಹೆನ್ರಿ ರೈಡರ್ ಹ್ಯಾಗರ್ಡ್ ಮುಂದಿನ ಮುದ್ರಣಗಳಲ್ಲಿ ಸೂರ್ಯನನ್ನು ಬಿಟ್ಟು ಚಂದ್ರಗ್ರಹಣ ಮಾಡಿಸಿದರು. ಈಗ ಅಂಗಡಿಯಲ್ಲಿ ಸಿಗುವ ಪ್ರತಿಗಳಲ್ಲಿ ಸಾಮಾನ್ಯವಾಗಿ ಇರುವುದು ಈ ತಿದ್ದಿದ ಗ್ರಹಣವೇ.

ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ಒಂದು ಕೃತಿಯ ಬಗ್ಗೆ ಓದುಗರು ಏನೆಂದರು ಎಂಬುದನ್ನು ಕೃತಿಯ ಹೊರಗೆ ನಡೆದ ಮಾತುಕತೆಯೆಂದು ಬಗೆಯುವುದು ವಿಮರ್ಶೆಯ ವಾಡಿಕೆ: ಕೃತಿ ನಿಂತಲ್ಲೇ ನಿಂತಿರುತ್ತದೆ, ಕಾಲಕ್ಕೆ ತಕ್ಕಂತೆ ಹೊಗಳಿಕೆ ತೆಗಳಿಕೆಗಳು ಬಂದುಹೋಗುತ್ತವೆ. ಹ್ಯಾಗರ್ಡರ ಕಾದಂಬರಿಯ ವಿಷಯದಲ್ಲಿ ಈ ಚಿತ್ರ ಸುಳ್ಳಾಗುತ್ತದೆ. ಇಲ್ಲಿ ಓದುಗರ ಅಭಿಪ್ರಾಯ ಮತ್ತೆ ಮತ್ತೆ ಪುಟದೊಳಗೇ ನುಗ್ಗಿದೆ. ಲಂಡನ್, ಲಿಸ್ಬನ್, ಕಲ್ಕತ್ತೆ, ಜಾಂಜಿಬಾರ್‌ಗಳ ಓದುಗರ ಕೈಯಲ್ಲಿ ಇದ್ದದ್ದು ಒಂದೇ ಪುಸ್ತಕವಲ್ಲ. ಆದ್ದರಿಂದ ಅಂದು ಮೆಚ್ಚಿದರು, ಇಂದು ಖಂಡಿಸುತ್ತಾರೆ ಎಂಬ ಎರಡು ಮಾತಿನಲ್ಲಿ ಈ ಚರಿತ್ರೆ ಮುಗಿಯುವುದಿಲ್ಲ.

ಹ್ಯಾಗರ್ಡ್ ಹತ್ತೊಂಬತ್ತರ ಹರೆಯದಲ್ಲಿ, 1875ರಲ್ಲಿ, ವಸಾಹತು ಆಡಳಿತದ ಕಿರಿಯ ಸಹಾಯಕರಾಗಿ ನಟಾಲ್ ಪ್ರಾಂತಕ್ಕೆ ಹೋದವರು. ಜುಲು ಜನರ ನಡುವೆ ಓಡಾಡಿ, ಕಂಡದ್ದನ್ನೂ ಕೇಳಿದ್ದನ್ನೂ ಹೊತ್ತುಕೊಂಡು ಇಂಗ್ಲೆಂಡಿಗೆ ಮರಳಿದರು. ಸ್ಟೀವನ್‌ಸನ್ನರ ‘ಟ್ರೆಷರ್ ಐಲೆಂಡ್’ 1883ರಲ್ಲಿ ಪುಸ್ತಕವಾಗಿ ಬಂದು ಜನಪ್ರಿಯವಾಗಿದ್ದ ಕಾಲ. ಅದರ ಅರ್ಧದಷ್ಟು ಚೆನ್ನಾದ ಕಥೆಯನ್ನೂ ನೀನು ಬರೆಯಲಾರೆ ಎಂದು ಸಹೋದರರೊಬ್ಬರು ಪಂಥ ಕಟ್ಟಿದ್ದೇ ಈ ಕಾದಂಬರಿಗೆ ಮೂಲವೆಂದು ಹೇಳಲಾಗುತ್ತದೆ. ಕೆಲವೇ ವಾರಗಳಲ್ಲಿ ಬರೆದು ಮುಗಿಸಿದ ಹ್ಯಾಗರ್ಡ್, ಹಕ್ಕನ್ನು ನೂರು ಪೌಂಡಿಗೆ ಮಾರಿಬಿಡಲು ಒಪ್ಪುವುದರಲ್ಲಿದ್ದರು. ಪ್ರಕಾಶಕರ ಕಚೇರಿಯ ಗುಮಾಸ್ತನೊಬ್ಬ ಮೆಲ್ಲಗೆ ಎಚ್ಚರಿಸಿದ್ದರಿಂದ ಗೌರವಧನದ ಕರಾರಿಗೆ ಬದಲಿಸಿದರೆಂದು ಅವರ ಆತ್ಮಕಥೆ ಹೇಳುತ್ತದೆ. ಮೊದಲ ವರ್ಷದಲ್ಲೇ ಬ್ರಿಟನ್ನಿನಲ್ಲಿ 31,000 ಪ್ರತಿಗಳು ಮಾರಾಟವಾದವು. ಓದುವ ಎಲ್ಲ ದೊಡ್ಡ, ಚಿಕ್ಕ ಹುಡುಗರಿಗೆ ಎಂದು ಪುಸ್ತಕವನ್ನು ಅರ್ಪಿಸಲಾಗಿತ್ತು. ಅರ್ಪಣೆಯಲ್ಲಿ ಹುಡುಗಿಯರಿಲ್ಲ, ನಿರೂಪಕ ಅಲನ್ ಕ್ವಾಟರ್‌ಮೇನ್ ಕೂಡ ತನ್ನ ಕಥೆಯಲ್ಲಿ ಹೆಣ್ಣುಗಳ ಕಾಟವಿಲ್ಲವೆಂದು ಆರಂಭದಲ್ಲೇ ಭರವಸೆ ಕೊಡುತ್ತಾನೆ. ಯಾರು ಓದಬೇಕು ಎಂಬುದನ್ನು ಪುಸ್ತಕವೇ ಹೀಗೆ ಗೊತ್ತುಮಾಡಿಕೊಂಡಿತ್ತು. ಬೇರೆಯವರು ಓದಿದಾಗ ಆದದ್ದೇ ಈ ಚರಿತ್ರೆಯ ಮುಖ್ಯ ಭಾಗ.

ಲಂಡನ್ನಿನ ಸಾಹಿತ್ಯವಲಯ ಕೂಡ ಒಮ್ಮತದಿಂದ ಕೊಂಡಾಡಲಿಲ್ಲ. ವಿಮರ್ಶಕ ಆಂಡ್ರೂ ಲ್ಯಾಂಗ್ ಹಸ್ತಪ್ರತಿಯ ಕಾಲದಿಂದಲೇ ಇದರ ಬೆಂಬಲಕ್ಕೆ ನಿಂತರು. ಬೇಸರ ಹುಟ್ಟಿಸುವ ವಾಸ್ತವವಾದಿ ಕಾದಂಬರಿಗಳಿಗೆ ಸಾಹಸಕಥೆಯೇ ಮದ್ದು ಎಂಬುದು ಅವರ ನಿಲುವು. 1887ರ ಒಂದು ಪ್ರಬಂಧದಲ್ಲಿ ಅದನ್ನು ವಾದವಾಗಿಯೇ ಮಂಡಿಸಿದರು. ಸ್ಟೀವನ್‌ಸನ್ ಕಾಗದ ಬರೆದು ಮೆಚ್ಚಿದರು, ಜೊತೆಗೆ ಇಷ್ಟು ಶಕ್ತಿಯಿರುವವರು ಬರವಣಿಗೆಯಲ್ಲಿ ಇನ್ನಷ್ಟು ಜೋಪಾನ ವಹಿಸಬೇಕೆಂದು ಎಚ್ಚರಿಸಿದರು. ಗ್ರಹಣದ ತಪ್ಪನ್ನು ನೆನೆದರೆ ಆ ಮಾತು ಎಷ್ಟು ಸರಿಯೆಂದು ತಿಳಿಯುತ್ತದೆ. ಕಾದಂಬರಿಕಾರ ಹೆನ್ರಿ ಜೇಮ್ಸ್‌ಗೆ ಹ್ಯಾಗರ್ಡರ ಪುಸ್ತಕಗಳಲ್ಲಿನ ಕೊಲೆ, ರಕ್ತಪಾತ ಅಸಹ್ಯವೆನಿಸಿತು. ಅದಕ್ಕಿಂತ ಹೆಚ್ಚಾಗಿ, ಇಂಥ ಒರಟು ಕೃತಿಗಳೇ ತಮ್ಮ ಕಾಲದಲ್ಲಿ ಸಾವಿರಗಟ್ಟಲೆ ಮಾರಾಟವಾಗುತ್ತಿರುವುದು ಅವರನ್ನು ಕಂಗೆಡಿಸಿತು. ಸಾಮ್ರಾಜ್ಯದ ಸಾಹಸಕಥೆಯಲ್ಲಿನ ಹಿಂಸೆಯನ್ನು ಗುರುತಿಸಲು ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೆ ಕಾಯಬೇಕಾಯಿತು ಎನ್ನುವವರು ಜೇಮ್ಸ್‌ರ ಈ ಪ್ರತಿಕ್ರಿಯೆಯನ್ನು ಗಮನಿಸಬೇಕು.

ಇನ್ನೂ ಬೇರೆ ಬಗೆಯ ಓದುಗರಿದ್ದರು: ಕಥೆಯನ್ನು ಪ್ರವಾಸಕಥನಗಳ ಜೊತೆ ತಾಳೆ ನೋಡುವವರು. ಮೂವರು ಆಂಗ್ಲರಲ್ಲೊಬ್ಬನಾದ ಕ್ಯಾಪ್ಟನ್ ಗುಡ್‌ನ ಕಟ್ಟಿಸಿದ ಹಲ್ಲುಸಾಲು ಕುಕುವಾನಾ ಯೋಧರನ್ನು ಹೆದರಿಸುವ ದೃಶ್ಯವಿದೆಯಷ್ಟೆ. ಅದೇ 1885ರಲ್ಲಿ ಮಸಾಯಿ ನಾಡಿನ ಪ್ರವಾಸಕಥನ ಪ್ರಕಟಿಸಿದ ಅನ್ವೇಷಕ ಜೋಸೆಫ್ ಥಾಮ್ಸನ್, ಕೃತಕ ಹಲ್ಲು ತೆಗೆದು ತೋರಿಸಿ ಅಲ್ಲಿನವರನ್ನು ಚಕಿತಗೊಳಿಸಿದ ಪ್ರಸಂಗವನ್ನು ಬರೆದಿದ್ದರು. ಎರಡೂ ಪುಸ್ತಕ ಓದಿದವರಿಗೆ ಸಂಶಯ ಬಂತು; ಕೃತಿಚೌರ್ಯದ ಆರೋಪಗಳು ಪತ್ರಿಕೆಗಳಲ್ಲಿ ಎದ್ದವು. ಆಫ್ರಿಕದ ಜನ ಇಷ್ಟು ಸುಲಭಕ್ಕೆ ಮರುಳಾಗುತ್ತಾರೆಯೇ ಎಂಬ ಪ್ರಶ್ನೆಗಿಂತ, ಮರುಳುಮಾಡಿದ ಉಪಾಯ ಮೊದಲು ಯಾರದು ಎಂಬುದೇ ಆ ಜಗಳದಲ್ಲಿ ದೊಡ್ಡದಾಗಿತ್ತು.

ಲಿಸ್ಬನ್ನಿನ ಕಥೆ ಇನ್ನೂ ಸ್ವಾರಸ್ಯಕರ. ಪೋರ್ಚುಗಲ್ಲಿನ ಅಗ್ರಗಣ್ಯ ಕಾದಂಬರಿಕಾರ ಎಸಾ ದೆ ಕೈರೋಸ್ ಈ ಕೃತಿಯ ಪೋರ್ಚುಗೀಸ್ ರೂಪವನ್ನು ತಾವೇ ಸ್ಥಾಪಿಸಿದ ‘ರೆವಿಸ್ತಾ ದೆ ಪೋರ್ಚುಗಲ್’ ಪತ್ರಿಕೆಯಲ್ಲಿ 1889–90ರಲ್ಲಿ ಪ್ರಕಟಿಸಿದರು. 1891ರಲ್ಲಿ ಅದು ಪುಸ್ತಕವಾಯಿತು. ಮೂಲದಲ್ಲಿ ಗಣಿಯ ದಾರಿ ತೋರುವ ನಕ್ಷೆ ಬರೆದವನು 1590ರ ಪೋರ್ಚುಗೀಸ್ ಸಾಹಸಿ ಜೋಸೆ ದ ಸಿಲ್ವೆಸ್ತ್ರ. ಆದರೂ ಕ್ವಾಟರ್‌ಮೇನ್‌ಗೆ ಡೆಲಗೋವಾ ಕೊಲ್ಲಿಯ ಪೋರ್ಚುಗೀಸರ ಮೇಲೆ ತಾತ್ಸಾರ. ಇಂಥ ಚುಚ್ಚುಮಾತುಗಳನ್ನು ಎಸಾ ಮೆತ್ತಗೆ ಮಾಡಿದರು, ಕಥೆಯ ಭಾಷೆಯನ್ನು ಬಿಗಿಗೊಳಿಸಿದರು. ಪತ್ರಿಕೆಯಲ್ಲಿ ಕಂತುಗಳು ಬರುತ್ತಿದ್ದ ದಿನಗಳಲ್ಲೇ, 1890ರ ಜನವರಿ 11ರಂದು, ಅಂಗೋಲಾ ಮತ್ತು ಮೊಜಾಂಬಿಕ್ ನಡುವಣ ನೆಲದಿಂದ ಪೋರ್ಚುಗೀಸ್ ಪಡೆಗಳು ಹಿಂದೆ ಸರಿಯಬೇಕೆಂದು ಬ್ರಿಟನ್ ಅಂತಿಮ ಎಚ್ಚರಿಕೆ ಕಳಿಸಿತು. ಕಾದಂಬರಿಯ ಗಣಿಯನ್ನು ಊಹಿಸಿಕೊಳ್ಳಬಹುದಾದ ನೆಲವೂ ಹೆಚ್ಚುಕಡಿಮೆ ಅದೇ. ಆಫ್ರಿಕದ ಒಳನಾಡು ಯಾರದೆಂದು ಇಬ್ಬರು ಹೊರಗಿನವರು ಕಾದಾಡುವಾಗ, ಆ ನಾಡಿನ ಬಗೆಗಿನ ಕಥೆಯೂ ಎರಡು ಪಾಠಗಳಾಗಿ ಒಡೆದಿತ್ತು.

ಕಲ್ಪನೆಯನ್ನು ನಿಜವೆಂದು ನಂಬಿದವರ ಅಭಿಪ್ರಾಯ ಅತಿ ದೊಡ್ಡ ಹಾನಿ ಮಾಡಿತು ಎಂಬುದು ನನ್ನ ನಿಲುವು. ಕಾದಂಬರಿಯಲ್ಲಿ ಮಹಾಮಾರ್ಗವಿದೆ, ಬೃಹತ್ ಶಿಲಾಮೂರ್ತಿಗಳಿವೆ. ಇವನ್ನು ಕುಕುವಾನಾರು ಕಟ್ಟಲಿಲ್ಲ, ಪ್ರಾಚೀನ ಹೊರನಾಡಿಗರು ಕಟ್ಟಿರಬೇಕೆಂಬುದು ನಿರೂಪಕನ ಊಹೆ. ಇತ್ತ ನಿಜದ ಆಫ್ರಿಕದಲ್ಲಿ, ಗ್ರೇಟ್ ಜಿಂಬಾಬ್ವೆಯ ಕಲ್ಲಿನ ಕೋಟೆಗೋಡೆಗಳನ್ನು 1871ರಲ್ಲಿ ಕಂಡ ಜರ್ಮನ್ ಅನ್ವೇಷಕ ಕಾರ್ಲ್ ಮೌಖ್ ಅವನ್ನು ಷೀಬಾ ರಾಣಿಯ ಕಥೆಗೆ ಗಂಟುಹಾಕಿದ್ದರು. ಕಾದಂಬರಿ ಆ ಗಂಟನ್ನು ಮನೆಮನೆಗೆ ಮುಟ್ಟಿಸಿತು. 1905ರಲ್ಲಿ ಡೇವಿಡ್ ರ‍್ಯಾಂಡಲ್-ಮ್ಯಾಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಮ್ಸನ್ ಉತ್ಖನನ ನಡೆಸಿ ಇದು ಆಫ್ರಿಕನ್ನರದೇ ನಿರ್ಮಾಣವೆಂದು ತೋರಿಸಿದ ಮೇಲೂ ಬಿಳಿಯ ವಲಸಿಗರಲ್ಲಿ ಅನೇಕರು ಒಪ್ಪಲಿಲ್ಲ. 1965ರ ನಂತರ ಆ ನಾಡನ್ನಾಳಿದ ರೊಡೇಷಿಯ ಸರ್ಕಾರ ಈ ಪುರಾತತ್ವ ಸತ್ಯವನ್ನು ಬಹಿರಂಗವಾಗಿ ಹೇಳುವವರ ಮೇಲೆ ಒತ್ತಡ ತಂದಿತು. ಹ್ಯಾಗರ್ಡರೊಬ್ಬರ ತಲೆಗೇ ಈ ಹೊಣೆಯನ್ನು ಕಟ್ಟುವುದು ಸರಿಯಲ್ಲ. ಆದರೆ ಹುಡುಗರಾಗಿದ್ದಾಗ ಓದಿದ ಕಥೆ ದೊಡ್ಡವರಾದ ಮೇಲೆ ಸಾಕ್ಷ್ಯವನ್ನು ಎದುರಿಸಿ ನಿಂತಿತು ಎನ್ನಲು ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಬಾಲ್ಯದ ಓದಿನ ಬಲವನ್ನು ಗ್ರಹಾಂ ಗ್ರೀನ್ ತಮ್ಮ ‘ದಿ ಲಾಸ್ಟ್ ಚೈಲ್ಡ್‌ಹುಡ್’ ಪ್ರಬಂಧದಲ್ಲಿ ಮನಬಿಚ್ಚಿ ಹೇಳಿಕೊಂಡಿದ್ದಾರೆ. ಕ್ವಾಟರ್‌ಮೇನ್, ಸರ್ ಹೆನ್ರಿ ಕರ್ಟಿಸ್‌ರಂಥ ನಾಯಕರು ನಂಬಲಾರದಷ್ಟು ಒಳ್ಳೆಯವರಾಗಿ ಕಂಡರು; ಗ್ರೀನ್ ಅವರ ಕನಸಿನಲ್ಲಿ ಉಳಿದದ್ದು ಮುದಿ ಮಾಟಗಾತಿ ಗಗೂಲ್. ತಮ್ಮನ್ನು ಪಶ್ಚಿಮ ಆಫ್ರಿಕಕ್ಕೆ ಸೆಳೆದದ್ದರಲ್ಲಿ ಈ ಪುಸ್ತಕದ ಪಾಲಿದೆಯೆಂದು ಅವರು ಒಪ್ಪುತ್ತಾರೆ. ಸಿ.ಎಸ್. ಲೂಯಿಸ್‌ರ ದೂರು ಸಿನಿಮಾದ ಮೇಲೆ. ಪಾಲ್ ರೋಬ್‌ಸನ್ ಆಂಗ್ಲರ ಜೊತೆಗಿದ್ದು ಕೊನೆಗೆ ಕುಕುವಾನಾ ದೊರೆಯಾಗುವ ಅಂಬೋಪನ ಪಾತ್ರ ವಹಿಸಿದ 1937ರ ಚಿತ್ರದಲ್ಲಿ ಮೂಲದಲ್ಲಿಲ್ಲದ ಬಿಳಿಯ ತರುಣಿಯೊಬ್ಬಳನ್ನು ಸೇರಿಸಲಾಗಿತ್ತು, ಕೊನೆಗೆ ಜ್ವಾಲಾಮುಖಿಯ ಆರ್ಭಟ. ಮುಚ್ಚಿದ ಕಲ್ಲಿನ ಕೋಣೆಯಲ್ಲಿ, ಸತ್ತ ದೊರೆಗಳ ನಡುವೆ, ಹಸಿವಿನ ಸಾವಿಗಾಗಿ ಸುಮ್ಮನೆ ಕಾಯುವ ಭಯವೇ ಕಥೆಯ ಜೀವ. ಅದನ್ನು ಗದ್ದಲಕ್ಕೆ ಮಾರಿಕೊಂಡರೆಂದು ಲೂಯಿಸ್ 1947ರ ಪ್ರಬಂಧದಲ್ಲಿ ವಾದಿಸಿದರು. ಸಾಹಸಕಥೆಯೆಂದರೆ ಬರೀ ಉದ್ವೇಗ ಎಂದುಕೊಂಡವರಿಗೆ ಅದು ಈಗಲೂ ಒಳ್ಳೆಯ ಉತ್ತರ.

ಭಾರತಕ್ಕೆ ಬಂದರೆ ಬಂಗಾಳಿಯ ‘ಚಾಂದೇರ್ ಪಹಾಡ್’ ಇದೆ. ಬಿಭೂತಿಭೂಷಣ ಬಂದ್ಯೋಪಾಧ್ಯಾಯರು ಆಫ್ರಿಕ ನೋಡಿದವರಲ್ಲ. ಬಂಗಾಳದ ಹಳ್ಳಿಯ ತರುಣ ಶಂಕರ ಪೂರ್ವ ಆಫ್ರಿಕದ ರೈಲುಹಾದಿಯ ಕೆಲಸಕ್ಕೆ ಹೋಗಿ, ಪೋರ್ಚುಗೀಸ್ ಅನ್ವೇಷಕ ಅಲ್ವಾರೆಜ್‌ನ ಜೊತೆ ವಜ್ರದ ಗಣಿ ಹುಡುಕುವ ಈ ಕಾದಂಬರಿ 1937ರಲ್ಲಿ ಪುಸ್ತಕವಾಯಿತು. ಇದು ಯಾವ ಇಂಗ್ಲಿಷ್ ಕಾದಂಬರಿಯ ಅನುವಾದವೂ ಅಲ್ಲವೆಂದು ಲೇಖಕರು ಮುನ್ನುಡಿಯಲ್ಲೇ ತಿಳಿಸಿ, ನೆಲ ಕಾಡುಗಳ ವರ್ಣನೆಗೆ ಆಧರಿಸಿದ ಪ್ರವಾಸಿಗರ ಹೆಸರು ಹೇಳುತ್ತಾರೆ. ಬಂಗಾಳಿ ಓದುಗರು ಹ್ಯಾಗರ್ಡರನ್ನು ಎಷ್ಟು ಚೆನ್ನಾಗಿ ಬಲ್ಲರೆಂಬ ಅರಿವಿಲ್ಲದೆ ಈ ಮಾತಿನ ಅಗತ್ಯವೇ ಬೀಳುತ್ತಿರಲಿಲ್ಲ. ಬಂಗಾಳದ ಹುಡುಗರು ಶಂಕರನನ್ನು ತಮ್ಮವನನ್ನಾಗಿ ಮಾಡಿಕೊಂಡರು. ಆಳಿಸಿಕೊಂಡವನೂ ಸಾಹಸದ ನಾಯಕನಾಗಬಹುದೆಂದು ಅದು ತೋರಿಸಿತು. ಆಫ್ರಿಕದ ಜನ ಮಾತ್ರ ಅಲ್ಲೂ ಹಿನ್ನೆಲೆಯಲ್ಲೇ ಉಳಿದರು.

ಆಫ್ರಿಕದಲ್ಲಿ ಈ ಪುಸ್ತಕ ಶಾಲೆಯ ಬಾಗಿಲಿನಿಂದ ಒಳಬಂತು. ಫ್ರೆಡರಿಕ್ ಜಾನ್ಸನ್ 1929ರಲ್ಲಿ ಮಾಡಿದ ಸ್ವಾಹಿಲಿ ಅನುವಾದ ‘ಮಾಶಿಮೊ ಯಾ ಮ್ಫಾಲ್ಮೆ ಸುಲೇಮಾನಿ’ ಪೂರ್ವ ಆಫ್ರಿಕದ ವಿದ್ಯಾರ್ಥಿಗಳಿಗೆ ಕಾದಂಬರಿ ಎಂಬ ಪ್ರಕಾರದ ಮೊದಮೊದಲ ಮಾದರಿಗಳಲ್ಲಿ ಒಂದಾಯಿತು. ನೈಜೀರಿಯದಲ್ಲಿ ಶಾಲಾ ಬಾಲಕ ಚಿನುವಾ ಅಚಿಬೆ ಹ್ಯಾಗರ್ಡ್, ಜಾನ್ ಬಕನ್‌ರಂಥವರನ್ನು ಓದಿ ಬಿಳಿಯರ ಪಕ್ಷ ವಹಿಸಿದರು. ಕಥೆಯಲ್ಲಿ ಬಿಳಿಯರು ಧೀರರು, ಬುದ್ಧಿವಂತರು. ಎದುರಿಗಿರುವವರು ಕುರೂಪಿಗಳು, ಪೆದ್ದರು. ತಾನು ಆ ಎದುರಿನವರಲ್ಲೊಬ್ಬ ಎಂಬುದು ಹುಡುಗನಿಗೆ ಹೊಳೆದದ್ದು ತಡವಾಗಿ. ಆ ಹೊಳಹು ತಮ್ಮನ್ನು ಬರೆಯಲು ಹಚ್ಚಿತೆಂದು ಅಚಿಬೆ ಹೇಳಿದ್ದಾರೆ. ಕನ್ನಡಕ್ಕೂ ಬಂದಿರುವ ‘ಥಿಂಗ್ಸ್ ಫಾಲ್ ಅಪಾರ್ಟ್’ 1958ರಲ್ಲಿ ಪ್ರಕಟವಾಯಿತು. ಕೀನ್ಯದ ಗೂಗಿ ವಾ ಥಿಯಾಂಗೊ 1986ರ ‘ಡಿಕಾಲನೈಸಿಂಗ್ ದ ಮೈಂಡ್’ನಲ್ಲಿ ಹ್ಯಾಗರ್ಡರ ಹೆಸರನ್ನು ಮಕ್ಕಳನ್ನು ತಮ್ಮ ಜಗತ್ತಿನಿಂದ ದೂರ ಒಯ್ದ ಓದಿನ ಸಾಲಿನಲ್ಲಿ ಇಟ್ಟರು. ವಿಮರ್ಶಕಿ ಆನ್ ಮಕ್ಲಿಂಟಕ್ 1995ರಲ್ಲಿ, ‘ಷೀಬಾಳ ಸ್ತನಗಳು’ ಎಂಬ ಬೆಟ್ಟಗಳಿರುವ ಕಾದಂಬರಿಯ ಗಣಿಯ ನಕ್ಷೆಯನ್ನು ಹೆಣ್ಣಿನ ದೇಹದ ನಕ್ಷೆಯೆಂದೇ ಓದಿ ತೋರಿಸಿದರು.

ಇವರೆಲ್ಲರಿಗಿಂತ ಮೊದಲೇ ಹ್ಯಾಗರ್ಡರನ್ನು ಓದಿ ಬೇರೆಯದೇ ಬಗೆಯಲ್ಲಿ ಉತ್ತರ ಕೊಟ್ಟವರು ದಕ್ಷಿಣ ಆಫ್ರಿಕದ ಸೋಲ್ ಪ್ಲಾಟ್ಜೆ. ಪತ್ರಕರ್ತರು, ಷೇಕ್ಸ್‌ಪಿಯರನನ್ನು ಸೆಟ್ಸ್ವಾನ ನುಡಿಗೆ ತಂದವರು, 1912ರಲ್ಲಿ ಹುಟ್ಟಿದ ಕರಿಯರ ರಾಷ್ಟ್ರೀಯ ಕಾಂಗ್ರೆಸ್ಸಿನ ಮೊದಲ ಕಾರ್ಯದರ್ಶಿ. ತಮ್ಮ ಕಾದಂಬರಿ ‘ಮ್ಹೂದಿ’ ಜುಲುಗಳ ಬಗ್ಗೆ ಬರೆಯುವಾಗಿನ ಹ್ಯಾಗರ್ಡರ ಶೈಲಿಯಲ್ಲಿದೆ ಎಂದು 1920ರ ಕಾಗದವೊಂದರಲ್ಲಿ ಅವರು ಯಾವ ಸಂಕೋಚವೂ ಇಲ್ಲದೆ ಬರೆದರು. ಇದನ್ನು ಅನುಕರಣೆಯೆಂದು ತಳ್ಳಿಹಾಕಲಾಗದು. ಹ್ಯಾಗರ್ಡರ ಕಥೆಯ ಕೊನೆಯಲ್ಲಿ ಅಂಬೋಪ, ಅಂದರೆ ದೊರೆ ಇಗ್ನೋಸಿ, ಬಂದೂಕು ಮತ್ತು ಮದ್ಯ ಹೊತ್ತ ಬಿಳಿಯ ವ್ಯಾಪಾರಿಗಳನ್ನು ತನ್ನ ನಾಡಿಗೆ ಬಿಡುವುದಿಲ್ಲವೆಂದು ನಿರ್ಧರಿಸುತ್ತಾನೆ. ಲಂಡನ್ನಿನ ಓದುಗರು ಹೆಚ್ಚು ಮಾತಾಡಿದ್ದು ವಜ್ರ, ಮಾಟಗಾತಿ, ಯುದ್ಧಗಳ ಬಗ್ಗೆ. ಇಗ್ನೋಸಿಯ ಮಾತನ್ನು ದಾಟಿ ಹೋದರು. ಹ್ಯಾಗರ್ಡರ ಕಾದಂಬರಿ ಬಂದ ಐದೇ ವರ್ಷಕ್ಕೆ, 1890ರಲ್ಲಿ, ಸೆಸಿಲ್ ರೋಡ್ಸ್‌ನ ಕಂಪನಿಯ ಪಡೆ ಮಶೋನ ನಾಡಿಗೆ ನುಗ್ಗಿತು.

ಪ್ಲಾಟ್ಜೆಯವರ ಕಾದಂಬರಿಯಲ್ಲಿ ಸೋತ ದೊರೆ ಮ್ಜಿಲಿಕಾಜಿ, ಡಚ್ ಮೂಲದ ಬಿಳಿಯ ವಲಸಿಗರಾದ ಬೋಯರರ ಜೊತೆ ಕೈಜೋಡಿಸಿದ ಬರೊಲಾಂಗ್ ಜನರಿಗೆ ಅದೇ ಬೋಯರರಿಂದ ಕೇಡು ಬರುವುದೆಂದು ಭವಿಷ್ಯ ನುಡಿಯುತ್ತಾನೆ. ಇಗ್ನೋಸಿಯ ಎಚ್ಚರಿಕೆಯ ಎಳೆಯನ್ನು ಪ್ಲಾಟ್ಜೆ ಹಿಡಿದು ಕಥೆಯ ನಡುವಿಗೆ ತಂದರೆಂದು ನಾನು ಓದುತ್ತೇನೆ. ಹೆಣ್ಣುಗಳ ಕಾಟವಿಲ್ಲವೆಂದ ಕ್ವಾಟರ್‌ಮೇನ್‌ಗೆ ಉತ್ತರವೆಂಬಂತೆ ಅವರ ಪುಸ್ತಕಕ್ಕೆ ಹೆಣ್ಣಿನ ಹೆಸರೇ ಇದೆ. ಸಿಂಹವನ್ನೂ ಯುದ್ಧವನ್ನೂ ಎದುರಿಸುವ ಧೈರ್ಯ ಮ್ಹೂದಿಯದು. ಕ್ವಾಟರ್‌ಮೇನ್ ಇದ್ದ ಜಾಗದಲ್ಲಿ ಕಥೆ ಹೇಳುವವನು ಹಾಫ್-ಎ-ಕ್ರೌನ್ ಎಂಬ ಆಫ್ರಿಕದ ವೃದ್ಧ. ಲವ್‌ಡೇಲ್ ಮಿಷನ್ ಮುದ್ರಣಾಲಯ 1930ರಲ್ಲಿ ಪುಸ್ತಕವನ್ನು ಹೊರತಂದಾಗ ಆ ವೃದ್ಧ ನಿರೂಪಕನ ಭಾಗಗಳು ಕತ್ತರಿಗೆ ಸಿಕ್ಕಿದ್ದವು. ಪ್ಲಾಟ್ಜೆಯವರ ಬೆರಳಚ್ಚು ಪ್ರತಿಯನ್ನು ಆಧರಿಸಿದ 1978ರ ಆವೃತ್ತಿಯಲ್ಲಿ ಅವನ ದನಿ ಮತ್ತೆ ಅಚ್ಚಾಯಿತು.