ಐವತ್ತು, ಅರವತ್ತು ಮತ್ತು ಅಪ್ಪನ ನಡಿಗೆ

ನಾನು ಲೇಖಕನಲ್ಲ. ಕಲಬುರಗಿ ಜಿಲ್ಲೆಯವನು. ಸರ್ಕಾರಿ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ, ಹತ್ತು ವರ್ಷಕ್ಕೂ ಮೇಲಾಯ್ತು, ಸೌದಿಯ ದಮ್ಮಾಮ್ ಕಡೆ ಕೆಲಸ ಮಾಡ್ತಿದ್ದೇನೆ. ವಾರ್ಷಿಕ ಸಂಚಿಕೆಗೆ ಏನಾದರೂ ಬರೀರಿ ಅಂತ ಬಳಗದವರು ಪ್ರತಿವರ್ಷ ಕೇಳ್ತಾರೆ. ಪ್ರತಿವರ್ಷ ತಪ್ಪಿಸಿಕೊಳ್ತೀನಿ. ಈ ಸಲ ಬರೆಯೋಕೆ ಒಂದು ಕಾರಣ ಸಿಕ್ಕಿದೆ. ಅದು ಟಿವಿಯ ವಿಷಯ, ಆದರೆ ಅದರ ಬುಡ ಹುಡುಕುತ್ತಾ ಹೋದರೆ ನೂರಮೂವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತೆ.

ನಮ್ಮ ರೂಮಿನಲ್ಲಿ ಐದು ಜನ. ಎಲ್ಲರೂ ದುಡ್ಡು ಹಾಕಿ ಒಂದು 55 ಇಂಚಿನ ಟಿವಿ, ಅದಕ್ಕೊಂದು ಸ್ಟ್ರೀಮಿಂಗ್ ಬಾಕ್ಸ್ ತಂದೆವು. ಒಂದು ಶುಕ್ರವಾರ ಊಟ ಆದ ಮೇಲೆ ನಾನು ಪೆನ್‌ಡ್ರೈವ್ ಹಾಕಿ ನನ್ನ ಮದುವೆ ವಿಡಿಯೋ ಹಚ್ಚಿದೆ. 2014ರಲ್ಲಿ ಊರಲ್ಲೇ ಆದ ಮದುವೆ. ಅದರಲ್ಲಿ ಅಪ್ಪ ಇದ್ದಾರೆ. ಅಪ್ಪ 2020ರಲ್ಲಿ ತೀರಿಕೊಂಡರು. ವಿಮಾನಗಳು ನಿಂತಿದ್ದ ದಿನಗಳವು, ನನಗೆ ಹೋಗಲಾಗಲಿಲ್ಲ. ಮಣ್ಣು ಮಾಡಿದ್ದನ್ನು ಮೊಬೈಲಿನಲ್ಲಿ ನೋಡಿದೆ. ಅದಾದ ಮೇಲೆ ಆ ವಿಡಿಯೋ ನೋಡೋ ಧೈರ್ಯ ಬರೋಕೆ ಎರಡು ವರ್ಷ ಬೇಕಾಯ್ತು.

ಮಂಟಪದ ಈ ಕಡೆಯಿಂದ ಆ ಕಡೆಗೆ ಅಪ್ಪ ನಡೆದುಹೋಗುವ ಒಂದು ದೃಶ್ಯ ಇದೆ. ಕ್ಯಾಮೆರಾ ಅವರ ಜೊತೆಗೇ ತಿರುಗುತ್ತೆ. ದೊಡ್ಡ ಪರದೆಯಲ್ಲಿ ನೋಡಿದರೆ ಅಪ್ಪ ಹೆಜ್ಜೆಹೆಜ್ಜೆಗೂ ಎಡವಿದಂತೆ, ಕುಲುಕಿ ಕುಲುಕಿ ಹೋಗ್ತಿದ್ದಾರೆ. ಪಕ್ಕದಲ್ಲಿದ್ದ ಮಂಗಳೂರಿನ ಗೆಳೆಯ ಮೆಲ್ಲಗೆ ಕೇಳಿದ: "ನಿಮ್ಮ ಅಪ್ಪನಿಗೆ ಕಾಲುನೋವಿತ್ತಾ ಮಾರಾಯ್ರೆ?"

ಅಪ್ಪ ವಿದ್ಯುತ್ ಮಂಡಳಿಯಲ್ಲಿ ಲೈನ್‌ಮನ್ ಆಗಿದ್ದವರು. ಕಂಬದಿಂದ ಕಂಬಕ್ಕೆ ಹೊಲಗಳ ನಡುವೆ ಮೈಲಿಗಟ್ಟಲೆ ನಡೆದ ಕಾಲು ಅವು. ಕಾಲುನೋವು ಇರಲಿಲ್ಲ. "ಇಲ್ಲ" ಅಂದೆ, ಆದರೆ ಮನಸ್ಸು ಕೆಟ್ಟಿತು. ರಾಯಚೂರಿನವರೊಬ್ಬರು "ಏ, ಲೈನ್‌ನ್ಯಾಗ ಏನೋ ಫಾಲ್ಟ್ ಐತಿ, ನೀವ ಎಲೆಕ್ಟ್ರಿಷಿಯನ್ ಅದೀರಿ, ನೋಡ್ರಿ" ಅಂದರು. ವೋಲ್ಟೇಜ್ ನೋಡಿದೆ, ಅರ್ಥಿಂಗ್ ನೋಡಿದೆ, ಕೇಬಲ್ ಬದಲಾಯಿಸಿದೆ. ಎಲ್ಲಾ ಸರಿ ಇತ್ತು. ಫಾಲ್ಟ್ ಲೈನಿನಲ್ಲಿ ಇರಲಿಲ್ಲ. ಆದರೂ ನಮ್ಮ ಗೆಳೆಯರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಅದರ ಮೂಲ ಲೈನಿನಲ್ಲೇ ಇದೆ.

ಐಟಿಐಯಲ್ಲಿ ನಮಗೆ ಮೊದಲು ಬಾಯಿಪಾಠ ಮಾಡಿಸಿದ್ದು, ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸೈಕಲ್, ಅಂದರೆ 50 ಹರ್ಟ್ಸ್. ನಾಲ್ಕು ಪೋಲ್ ಮೋಟಾರಿನ ಸಿಂಕ್ರನಸ್ ವೇಗ ನಿಮಿಷಕ್ಕೆ 1500 ಸುತ್ತು. ಸೌದಿಗೆ ಬಂದ ಮೊದಲ ವಾರ ಒಂದು ಪಂಪಿನ ನೇಮ್‌ಪ್ಲೇಟ್ ನೋಡಿ ತಬ್ಬಿಬ್ಬಾದೆ. ಇಲ್ಲಿ 60 ಹರ್ಟ್ಸ್, ಅದೇ ನಾಲ್ಕು ಪೋಲಿಗೆ 1800. ಕಿಂಗ್ ಫಹದ್ ಸೇತುವೆ ಮೇಲೆ 25 ಕಿಲೋಮೀಟರ್ ಹೋದರೆ ಬಹರೈನ್, ಅಲ್ಲಿ ಮತ್ತೆ 50. ಕೊಲ್ಲಿಯ ಉಳಿದ ದೇಶಗಳೂ 50. ಅದಕ್ಕೇ ಈ ದೇಶಗಳ ಗ್ರಿಡ್‌ಗಳನ್ನು ಜೋಡಿಸುವಾಗ ಸೌದಿಗೆ ನೇರವಾಗಿ ತಂತಿ ಎಳೆಯೋಕೆ ಆಗಲಿಲ್ಲ. ನಮ್ಮ ಪೂರ್ವ ಪ್ರಾಂತ್ಯದ ಅಲ್ ಫಾದಿಲಿಯಲ್ಲಿ 1800 ಮೆಗಾವ್ಯಾಟಿನ ಕನ್ವರ್ಟರ್ ಸ್ಟೇಷನ್ ಕಟ್ಟಿದ್ದಾರೆ. ಈ ಕಡೆಯ ಎಸಿಯನ್ನು ಡಿಸಿ ಮಾಡಿ, ಆ ಡಿಸಿಯನ್ನು ಮತ್ತೆ ಬೇರೆ ಫ್ರೀಕ್ವೆನ್ಸಿಯ ಎಸಿ ಮಾಡ್ತಾರೆ.

ಈ 50 ಮತ್ತು 60 ಯಾಕೆ ಬಂತು? ಶುರುವಿನಲ್ಲಿ ಯಾವ ಲೆಕ್ಕವೂ ಇರಲಿಲ್ಲ. ಒಂದೊಂದು ಕಂಪನಿ ಒಂದೊಂದು ಫ್ರೀಕ್ವೆನ್ಸಿ. ಅಮೆರಿಕದ ವೆಸ್ಟಿಂಗ್‌ಹೌಸ್ ಮೊದಲು ಸುಮಾರು 133 ಹರ್ಟ್ಸ್ ಇಟ್ಟಿತ್ತು, ಆಮೇಲೆ 1890ರ ದಶಕದಲ್ಲಿ 60ಕ್ಕೆ ಬಂತು. 1895ರಲ್ಲಿ ಶುರುವಾದ ನಯಾಗರಾ ವಿದ್ಯುದಾಗಾರ 25 ಹರ್ಟ್ಸ್. ಅಷ್ಟು ಕಡಿಮೆ ಆದರೆ ಮೋಟಾರಿಗೆ ಸರಿ, ದೀಪ ಮಿಣುಕುವುದು ಕಣ್ಣಿಗೆ ಕಾಣುತ್ತೆ. ಜರ್ಮನಿಯ ಎಇಜಿ ಕಂಪನಿ 50 ಹಿಡಿಯಿತು, ಯೂರೋಪಿನಲ್ಲಿ ಅದೇ ಹಬ್ಬಿತು. ಜಪಾನಿನಲ್ಲಿ ಟೋಕಿಯೋದವರು ಜರ್ಮನಿಯಿಂದ, ಒಸಾಕಾದವರು ಅಮೆರಿಕದಿಂದ ಜನರೇಟರ್ ತರಿಸಿದ್ದಕ್ಕೆ ಇವತ್ತಿಗೂ ಆ ದೇಶದ ಪೂರ್ವಕ್ಕೆ 50, ಪಶ್ಚಿಮಕ್ಕೆ 60. ನಮ್ಮ ನಾಡಿನಲ್ಲಿ 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ಕೆಜಿಎಫ್ ಸಿನಿಮಾಕ್ಕೆ ಸಿಳ್ಳೆ ಹೊಡೆದವರು ಇದನ್ನೂ ನೆನಪಿಡಬೇಕು.

ಇನ್ನು ಸಿನಿಮಾದ ಕಥೆ ಬೇರೆ. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸ್ತಿದ್ದರು. ವೇಗ ಕೈಯ ಮೇಲೆ, ಥಿಯೇಟರಿನವನ ಅವಸರದ ಮೇಲೆ. ಚಿತ್ರ ಸ್ವಲ್ಪ ಜೋರಾಗಿ ಓಡಿದರೆ ಯಾರೂ ಕೇಳ್ತಿರಲಿಲ್ಲ. ಆದರೆ 1926-27ರ ಹೊತ್ತಿಗೆ ಮಾತು ಬಂತು. ಮಾತಿನ ವೇಗ ಹೆಚ್ಚುಕಮ್ಮಿ ಆದರೆ ಕಿವಿ ಸುಮ್ಮನಿರಲ್ಲ. ಹಾಗಾಗಿ ಒಂದೇ ವೇಗ ನಿಗದಿ ಮಾಡಬೇಕಾಯ್ತು: ಸೆಕೆಂಡಿಗೆ 24 ಫ್ರೇಮ್, 35 ಮಿ.ಮೀ. ಫಿಲ್ಮಿನಲ್ಲಿ ನಿಮಿಷಕ್ಕೆ 90 ಅಡಿ. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಕಾಲಕ್ಕೆ ಜಗತ್ತಿನ ಟಾಕಿಗಳೆಲ್ಲ ಈ ಲೆಕ್ಕಕ್ಕೆ ಬಂದಿದ್ದವು. ಬರೀ 24 ಸಲ ಬೆಳಕು ಬಿದ್ದರೆ ಪರದೆ ಮಿಣುಕುತ್ತೆ. ಅದಕ್ಕೆ ಪ್ರೊಜೆಕ್ಟರಿನ ಮುಂದೆ ತಿರುಗುವ ಶಟರ್ ಇಟ್ಟು ಪ್ರತಿ ಫ್ರೇಮನ್ನೂ ಎರಡು ಸಲ ತೋರಿಸಿದರು, 48 ಆಯ್ತು. ಇಲ್ಲಿ ಒಂದು ಮಾತು ಗಮನಿಸಿ. ಪ್ರತಿ ಫ್ರೇಮಿಗೂ ಸಮಪಾಲು. ಒಂದಕ್ಕೆ ಹೆಚ್ಚು, ಒಂದಕ್ಕೆ ಕಮ್ಮಿ ಅನ್ನೋದಿಲ್ಲ.

ಟಿವಿ ಬಂದಾಗ ಕರೆಂಟಿನ ಕಥೆಯೂ ಸಿನಿಮಾದ ಕಥೆಯೂ ಒಂದಕ್ಕೊಂದು ಡಿಕ್ಕಿ ಹೊಡೆದವು. ಆ ಕಾಲದ ಟಿವಿಗಳಲ್ಲಿ ಮೇನ್ಸ್ ಕರೆಂಟಿನ ಹಮ್ ಚಿತ್ರದ ಮೇಲೆ ಪಟ್ಟಿಯಂತೆ ಕಾಣ್ತಿತ್ತು. ಚಿತ್ರದ ವೇಗವೂ ಕರೆಂಟಿನ ವೇಗವೂ ಒಂದೇ ಆದರೆ ಆ ಪಟ್ಟಿ ಒಂದೇ ಕಡೆ ನಿಲ್ಲುತ್ತೆ, ಅಷ್ಟಾಗಿ ಕಣ್ಣಿಗೆ ಚುಚ್ಚಲ್ಲ. ಬೇರೆಯಾದರೆ ಮೇಲೆ ಕೆಳಗೆ ಹರಿದಾಡುತ್ತೆ. ಹಾಗಾಗಿ 1936ರಲ್ಲಿ ಬಿಬಿಸಿ ಸೆಕೆಂಡಿಗೆ 50 ಫೀಲ್ಡ್ ಇಟ್ಟಿತು, 1941ರಲ್ಲಿ ಅಮೆರಿಕ 60 ಇಟ್ಟಿತು. ಎರಡು ಫೀಲ್ಡ್ ಸೇರಿದರೆ ಒಂದು ಪೂರ್ತಿ ಫ್ರೇಮ್. ಅಂದರೆ ಅಲ್ಲಿ 25, ಇಲ್ಲಿ 30.

ಈಗ 24ರ ಸಿನಿಮಾ ಟಿವಿಯಲ್ಲಿ ತೋರಿಸೋದು ಹೇಗೆ? 50 ಹರ್ಟ್ಸಿನವರು ಸುಲಭ ದಾರಿ ಹಿಡಿದರು. ಸಿನಿಮಾವನ್ನೇ 25ರ ವೇಗಕ್ಕೆ ಓಡಿಸಿದರು. ನಾಲ್ಕು ಪರ್ಸೆಂಟ್ ಜೋರು. ಎರಡೂವರೆ ಗಂಟೆಯ ಸಿನಿಮಾ ಎರಡು ಗಂಟೆ 24 ನಿಮಿಷಕ್ಕೆ ಮುಗಿಯುತ್ತೆ, ದನಿ ಒಂಚೂರು ಏರುತ್ತೆ. 60 ಹರ್ಟ್ಸಿನವರಿಗೆ 24ನ್ನು 30 ಮಾಡಿದರೆ ಮಾತು ಗಿಣಿಯಂತೆ ಕೇಳುತ್ತೆ. ಅವರು ಒಂದು ಫ್ರೇಮನ್ನು ಮೂರು ಸಲ, ಮುಂದಿನದನ್ನು ಎರಡು ಸಲ, ಮತ್ತೆ ಮೂರು, ಮತ್ತೆ ಎರಡು ಹೀಗೆ ತೋರಿಸಿದರು. ಲೆಕ್ಕ ಸರಿಹೋಯ್ತು, ಆದರೆ ಸಮಪಾಲು ಹೋಯ್ತು. ಕ್ಯಾಮೆರಾ ನಿಧಾನಕ್ಕೆ ತಿರುಗುವ ದೃಶ್ಯದಲ್ಲಿ ಗೋಡೆ, ಕಂಬ ಎಲ್ಲಾ ಎಡವಿ ಎಡವಿ ಹೋಗೋಕೆ ಶುರುವಾಯ್ತು.

ಸಾಲದ್ದಕ್ಕೆ 1953ರಲ್ಲಿ ಅಮೆರಿಕದಲ್ಲಿ ಕಲರ್ ಟಿವಿ ಬಂತು. ಬಣ್ಣದ ಸಿಗ್ನಲ್ಲೂ ದನಿಯ ಸಿಗ್ನಲ್ಲೂ ಒಂದಕ್ಕೊಂದು ತಾಗಿ ಪರದೆಯಲ್ಲಿ ಗೆರೆ ಮೂಡಬಾರದು ಅಂತ 60ನ್ನು ಸಾವಿರಕ್ಕೆ ಒಂದರಷ್ಟು ಇಳಿಸಿದರು, 59.94 ಆಯ್ತು. ಅದರ ಲೆಕ್ಕಕ್ಕೆ 24 ಹೋಗಿ 23.976 ಆಯ್ತು. ಎಪ್ಪತ್ತು ವರ್ಷ ಹಿಂದಿನ ಆ ಚಿಲ್ಲರೆ ಇವತ್ತೂ ನಮ್ಮ ಸ್ಟ್ರೀಮಿಂಗ್ ಸಿನಿಮಾಗಳಲ್ಲಿ ಇದೆ.

ನಮ್ಮ ದೇಶದಲ್ಲಿ ಟಿವಿ 1959ರಲ್ಲಿ ದೆಹಲಿಯಲ್ಲಿ ಪ್ರಾಯೋಗಿಕವಾಗಿ ಶುರುವಾಯ್ತು. ನಮ್ಮ ಕಡೆಗೆ ಅದು ಬಂದದ್ದು ನೇರ ಆಕಾಶದಿಂದ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿವಿ ತೋರಿಸಿದ ಸೈಟ್ ಪ್ರಯೋಗದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳೂ ಇದ್ದವು. ಪಕ್ಕದೂರಿನ ಶಾಲೆ ಮುಂದೆ ಇಟ್ಟಿದ್ದ ಆ ಪೆಟ್ಟಿಗೆ ನೋಡೋಕೆ ಮುತ್ಯಾ ಅಪ್ಪನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದರಂತೆ. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣ ಬಂತು. ನಮ್ಮದು 50ರ ಲೆಕ್ಕದ ಟಿವಿ. ಅದಕ್ಕೇ ಇವತ್ತಿಗೂ ನಮ್ಮೂರ ಮದುವೆ ವಿಡಿಯೋದವರ ಕ್ಯಾಮೆರಾ ಸಾಮಾನ್ಯವಾಗಿ 25 ಫ್ರೇಮಿಗೇ ಸೆಟ್ ಆಗಿರುತ್ತೆ.

ಇಲ್ಲಿಗೆ ನನ್ನ ಗಂಟು ಬಿಚ್ಚಿತು. ಇವತ್ತಿನ ಎಲ್‌ಇಡಿ ಟಿವಿಗೆ ಕರೆಂಟು 50 ಆದರೇನು 60 ಆದರೇನು, ಒಳಗೆ ಎಲ್ಲಾ ಡಿಸಿ. ಹಮ್ಮಿನ ಪಟ್ಟಿ ಕಾಲವಾಗಿ ಎಷ್ಟೋ ವರ್ಷ ಆಯ್ತು. ಆದರೆ ಹಳೇ ಅಂಕಿಗಳು ಹೋಗಿಲ್ಲ. ನಮ್ಮ ಬಾಕ್ಸ್ ಏನು ಹಾಕಿದರೂ 60ರಲ್ಲೇ ಕಳಿಸ್ತಿತ್ತು. ಅಪ್ಪನ ವಿಡಿಯೋ 25. ಐದು ಫ್ರೇಮುಗಳನ್ನು ಹನ್ನೆರಡು ಸಲ ತೋರಿಸಬೇಕು: ಎರಡು, ಮೂರು, ಎರಡು, ಮೂರು, ಎರಡು. ಒಂದು ಫ್ರೇಮ್ ಸೆಕೆಂಡಿನ ಸಾವಿರದಲ್ಲಿ 33 ಭಾಗ ನಿಂತರೆ ಇನ್ನೊಂದು 50 ಭಾಗ. ಅಪ್ಪನ ಹೆಜ್ಜೆ ಎಡವಿದ್ದು ಅಲ್ಲಿ. ಅಲ್ ಫಾದಿಲಿಯಲ್ಲಿ 50ನ್ನು 60 ಮಾಡಬಹುದು, ಕರೆಂಟು ಡಿಸಿಯಾಗಿ ಕರಗಿ ಮತ್ತೆ ಹುಟ್ಟುತ್ತೆ. ಫ್ರೇಮ್ ಹಾಗೆ ಕರಗಲ್ಲ. ಇದ್ದದ್ದನ್ನೇ ಮತ್ತೆ ತೋರಿಸಬೇಕು, ಇಲ್ಲಾ ಬಿಡಬೇಕು.

ಬಾಕ್ಸಿನ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ಕೈಯಿಂದಲೇ 50 ಹರ್ಟ್ಸ್ ಮಾಡಿದೆ. ಈಗ ಪ್ರತಿ ಫ್ರೇಮೂ ಸರಿಯಾಗಿ ಎರಡು ಸಲ. ಅಪ್ಪ ಮಂಟಪದ ಈ ತುದಿಯಿಂದ ಆ ತುದಿಗೆ ನಡೆದರು. ನೇರವಾಗಿ, ಸ್ವಲ್ಪ ಅವಸರದಲ್ಲಿ, ಎಡಗೈ ಬೆನ್ನ ಹಿಂದೆ ಇಟ್ಟುಕೊಂಡು. ನಾಲ್ಕು ಸಲ ಹಿಂದಕ್ಕೆ ತಂದು ನೋಡಿದೆ. ರೂಮಿನಲ್ಲಿ ಯಾರೂ ಮಾತಾಡಲಿಲ್ಲ.

ಮುಂದಿನ ಶುಕ್ರವಾರ ಸಿನಿಮಾ ಹಚ್ಚಿದರೆ ಅದು ಎಡವಿತು! 24ರ ಸಿನಿಮಾ 50ರಲ್ಲಿ ಹೋದರೆ ಸೆಕೆಂಡಿಗೆ ಎರಡು ಸಲ ಸಣ್ಣ ತಡೆ ಬರುತ್ತೆ. ಪ್ರತಿಸಲ ಕೈಯಿಂದ ಬದಲಾಯಿಸ್ತಾ ಕೂರೋಕೆ ಆಗಲ್ಲ. ಅದಕ್ಕೇ ಬಾಕ್ಸ್ ಮಾಡುವವರು ಒಂದು ಆಯ್ಕೆ ಕೊಟ್ಟಿದ್ದಾರೆ: ವಿಡಿಯೋ ಯಾವ ಫ್ರೇಮ್ ರೇಟಿನದೋ ಟಿವಿಯ ರಿಫ್ರೆಶ್ ರೇಟನ್ನು ಅದಕ್ಕೆ ಹೊಂದಿಸೋದು. ಆಪಲ್ ಟಿವಿಗೆ ಇದು 2017ರ ಡಿಸೆಂಬರಿನಲ್ಲಿ ಬಂತು. ಆಂಡ್ರಾಯ್ಡ್ ಟಿವಿ 12ರಲ್ಲಿ ಸೆಟ್ಟಿಂಗಿನೊಳಗೇ ಬಂತು. ಫೈರ್ ಟಿವಿಯಲ್ಲೂ ಇದೆ.

ನಿಮ್ಮ ಮನೆಯಲ್ಲೂ ಮಾಡಿಕೊಳ್ಳಿ. ಡಿಸ್‌ಪ್ಲೇ ಅಥವಾ ವಿಡಿಯೋ ಸೆಟ್ಟಿಂಗಿನಲ್ಲಿ 'ಮ್ಯಾಚ್ ಫ್ರೇಮ್ ರೇಟ್' ಅನ್ನೋ ಥರದ ಹೆಸರಿರುತ್ತೆ, ಆನ್ ಮಾಡಿ. ವಿಡಿಯೋ ಶುರುವಾಗುವಾಗ ಒಂದೆರಡು ಸೆಕೆಂಡ್ ಪರದೆ ಕಪ್ಪಾಗುತ್ತೆ, ಕರೆಂಟು ಹೋಯ್ತು ಅಂತ ಗಾಬರಿ ಬೇಡ. ಟಿವಿ ಹೊಸ ವೇಗಕ್ಕೆ ಹೊಂದಿಕೊಳ್ತಿರುತ್ತೆ. ಈ ಕಪ್ಪನ್ನು ತಪ್ಪಿಸೋ ಉಪಾಯವೂ ಎಚ್‌ಡಿಎಂಐ 2.1ರಲ್ಲಿ ಇದೆ, ಆದರೆ ಟಿವಿ, ಬಾಕ್ಸ್ ಎರಡಕ್ಕೂ ಅದು ಗೊತ್ತಿರಬೇಕು. ಕೆಲವು ಆ್ಯಪ್‌ಗಳು ಈ ಸೆಟ್ಟಿಂಗಿನ ಮಾತು ಕೇಳಲ್ಲ, ಅಂಥ ಕಡೆ ನನ್ನಂತೆ ಕೈಯಿಂದ ಮಾಡಬೇಕು. ಟಿವಿಯೊಳಗಿನ 'ಮೋಷನ್ ಸ್ಮೂತಿಂಗ್' ಬೇರೆ, ಇದು ಬೇರೆ. ಅದು ಇಲ್ಲದ ಫ್ರೇಮುಗಳನ್ನು ತಾನೇ ಊಹಿಸಿ ಸೇರಿಸುತ್ತೆ. ಅಪ್ಪನ ವಿಷಯದಲ್ಲಿ ನನಗೆ ಊಹೆ ಬೇಡವಾಗಿತ್ತು.

ಆ ರಾತ್ರಿಯೇ ಅವ್ವಗೆ ಫೋನ್ ಮಾಡಿ ಹೇಳಿದೆ, ಅಪ್ಪ ಹೆಂಗ ನಡೀತಿದ್ರು ಇವತ್ತ ಮತ್ತ ನೋಡ್ದೆ ಅಂತ. ಹರ್ಟ್ಸು, ಫ್ರೇಮು ಏನೂ ಹೇಳಲಿಲ್ಲ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದಪಾ, ಅವ್ರು ನಡದ್ರ ಹಿಂದ ನಾವು ಓಡಬೇಕಾಗ್ತಿತ್ತು" ಅಂದಳು.