ಅಗ್ಗದ ದುಭಾಷಿ, ದುಬಾರಿ ನ್ಯಾಯ

ಕಟಕಟೆಯಲ್ಲಿ ನಿಂತವನಿಗೆ ಕೋರ್ಟಿನ ಮಾತೇ ಅರ್ಥವಾಗದಿದ್ದರೆ ಅದು ವಿಚಾರಣೆ ಹೇಗಾಗುತ್ತೆ? ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಆ ಮಾತನ್ನು ದಾಟಿಸೋರು ಕಾಯಂ ನೌಕರರಲ್ಲ, ಕರೆದಾಗ ಬರುವ ದುಭಾಷಿಗಳು. ಮೊದಲು ಅವರಿಗೆ ಹತ್ತೇ ನಿಮಿಷದ ಕೆಲಸವಾದರೂ ಕನಿಷ್ಠ 3 ಗಂಟೆಯ ಸಂಭಾವನೆ ಖಾತ್ರಿ ಇತ್ತು.

2012ರ ಜನವರಿ ಕೊನೆಗೆ ಸರ್ಕಾರ ಖರ್ಚು ಉಳಿಸಲು ಈ ಕೆಲಸವನ್ನು ಗುತ್ತಿಗೆಯ ಮೇಲೆ ಒಂದೇ ಕಂಪನಿಗೆ ವಹಿಸಿತು. ಆ ಖಾತ್ರಿ ಹೋಯ್ತು, ದರ ಗಂಟೆಗೆ 16ರಿಂದ 22 ಪೌಂಡ್‌ಗೆ ಇಳಿಯಿತು. ಅನುಭವಿ ದುಭಾಷಿಗಳು ಬಹಿಷ್ಕಾರ ಹಾಕಿದರು. ಶೇ. 98ರಷ್ಟು ಬೇಡಿಕೆ ಪೂರೈಸಬೇಕಿದ್ದ ಕಂಪನಿ, ಫೆಬ್ರವರಿಯಲ್ಲಿ ಪೂರೈಸಿದ್ದು ಶೇ. 58 ಮಾತ್ರ. ವಿಚಾರಣೆಗಳು ಮುಂದಕ್ಕೆ ಹೋದವು. ಕೆಲವು ಆರೋಪಿಗಳು ವಿನಾಕಾರಣ ಜೈಲಲ್ಲೇ ಉಳಿದರು.

ನನಗೆ ಕಾಣೋದು ಇಷ್ಟೇ: ಹತ್ತು ನಿಮಿಷದ ಮಾತಿಗಾಗಿ ದುಭಾಷಿ ಅರ್ಧ ದಿನ ಎತ್ತಿಡಬೇಕು. ಕೂಲಿ ಆ ಅರ್ಧ ದಿನದ್ದು.