ಕಾಗಿಣಾ ತೀರದವರೂ ಅಧಿಕಾರದ ಮೆಟ್ಟಿಲುಗಳೂ



ಒಂದು ನಾಡಿನ ಚರಿತ್ರೆಯನ್ನು ಅದರ ಅರಸರ ಪರಂಪರೆಯಿಂದಲೂ ಯುದ್ಧಗಳ ತೇದಿಗಳಿಂದಲೂ ತಿಳಿಯುವುದು ವಾಡಿಕೆಯಾಗಿದೆ. ಅದನ್ನು ತಿಳಿಯಲು ಇನ್ನೊಂದು ದಾರಿಯೂ ಉಂಟು. ಆ ನಾಡಿನಲ್ಲಿ ಹುಟ್ಟಿದ ಬುದ್ಧಿಶಾಲಿಯಾದ ತರುಣನು ಆಡಳಿತದ ಮೆಟ್ಟಿಲುಗಳಲ್ಲಿ ಎಷ್ಟು ಎತ್ತರಕ್ಕೆ ಏರಬಹುದಾಗಿದ್ದಿತು, ಏರುವುದಕ್ಕಾಗಿ ಯಾವ ಊರಿಗೆ ಹೋಗಬೇಕಾಗಿದ್ದಿತು, ಯಾವ ಭಾಷೆಯನ್ನು ಕಲಿಯಬೇಕಾಗಿದ್ದಿತು ಎಂದು ಕೇಳುವುದೇ ಆ ದಾರಿ. ಕಲಬುರ್ಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದು, ಚಿಂಚೋಳಿ ಎಂಬ ಐದು ಊರುಗಳ ಸೀಮೆಯನ್ನು ಕುರಿತು ಈ ಪ್ರಶ್ನೆಯನ್ನು ಇಲ್ಲಿ ವಿಚಾರಿಸೋಣ. ಕಾಗಿಣಾ ನದಿಯೂ ಅದರ ಉಪನದಿಗಳೂ ಹರಿಯುವ ಈ ಸೀಮೆ ಒಂದು ಕಾಲದಲ್ಲಿ ಸಾಮ್ರಾಜ್ಯದ ನಡುಮನೆಯಾಗಿದ್ದಿತು. ಮತ್ತೊಂದು ಕಾಲದಲ್ಲಿ ಅದೇ ನೆಲದ ಮಕ್ಕಳಿಗೆ ಊರ ಚಾವಡಿಯಿಂದ ಮೇಲಕ್ಕೆ ಏರುವುದೇ ಕಷ್ಟವಾಯಿತು.

ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ದಡದ ಮೇಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನು 9ನೆಯ ಶತಮಾನದಲ್ಲಿ ಇಲ್ಲಿಂದ ಅರುವತ್ತು ವರ್ಷಗಳಿಗೂ ಮಿಕ್ಕು ಆಳಿದನು. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ ಕವಿರಾಜಮಾರ್ಗವು ಅವನ ಆಸ್ಥಾನದಲ್ಲಿಯೇ ಹುಟ್ಟಿತು. ಆ ಕಾಲದ ಅಧಿಕಾರಿಯ ಏಳಿಗೆ ಹೇಗಿದ್ದಿತೆಂಬುದಕ್ಕೆ ಬಂಕೆಯನ ಬಾಳು ನಿದರ್ಶನ. ದಂಡನಾಯಕನಾಗಿ ಅರಸನ ಮೆಚ್ಚಿಗೆಯನ್ನು ಪಡೆದ ಅವನು ಬನವಾಸಿ ಹನ್ನೆರಡು ಸಾವಿರದ ನಾಡನ್ನು ಆಳಿದನು. ಅವನ ಮಗ ಲೋಕಾದಿತ್ಯನು ತಂದೆಯ ಹೆಸರಿನ ಬಂಕಾಪುರದಲ್ಲಿ ಅಧಿಕಾರ ನಡೆಸಿದನು. ಮೂರನೆಯ ಕೃಷ್ಣನ ಮಂತ್ರಿಯಾದ ಭರತನಾದರೋ ಮಾನ್ಯಖೇಟದಲ್ಲಿ ಅಪಭ್ರಂಶ ಕವಿ ಪುಷ್ಪದಂತನಿಗೆ ಆಶ್ರಯವಿತ್ತನು. ಶೌರ್ಯ, ಕುಲ, ರಾಜಾನುಗ್ರಹ ಈ ಮೂರೂ ಅಂದು ಪದವಿಯ ಸಾಧನಗಳು. ವಿದ್ಯೆಯೂ ಇವುಗಳ ಜೊತೆಗೆ ನಿಂತಿದ್ದಿತು.

ಆ ವಿದ್ಯೆಯ ಏರ್ಪಾಡು ಎಂತಹುದೆಂಬುದನ್ನು ಚಿತ್ತಾಪುರದ ಬಳಿಯ ನಾಗಾವಿಯ ಶಾಸನವು ಸಾರುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1058ರಲ್ಲಿ, ಅಲ್ಲಿ ಒಂದು ಘಟಿಕಾಸ್ಥಾನವು ನಡೆಯುತ್ತಿದ್ದಿತು. ವೇದವನ್ನೂ ಶಾಸ್ತ್ರಗಳನ್ನೂ ಓದುವ ನೂರಾರು ವಿದ್ಯಾರ್ಥಿಗಳು, ಅವರಿಗೆ ಬೇರೆ ಬೇರೆ ಉಪಾಧ್ಯಾಯರು, ಗ್ರಂಥಭಂಡಾರವನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರು ಇದ್ದರು. ಇವರೆಲ್ಲರ ಜೀವನಕ್ಕೆ ಭೂಮಿಯನ್ನು ಬಿಡಲಾಗಿದ್ದಿತು. ಅದನ್ನು ಏರ್ಪಡಿಸಿದವನು ಚಾಲುಕ್ಯರ ಅಧಿಕಾರಿಯೇ. ಆ ಶಾಲೆಯ ಬಾಗಿಲು ಸಮಾಜದ ಎಲ್ಲರಿಗೂ ತೆರೆದಿರಲಿಲ್ಲವೆಂಬುದು ನಿಜ. ಆದರೂ ರಾಜ್ಯದ ಅಧಿಕಾರಿಯು ಶಾಲೆಯನ್ನು ಸಾಕುತ್ತಿದ್ದನು, ಆ ಶಾಲೆಯು ಈ ಸೀಮೆಯಲ್ಲಿಯೇ ಇದ್ದಿತು. ಈ ಮಾತನ್ನು ನಾವು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು.

ಈಗ ಎಂಟು ಶತಮಾನಗಳನ್ನು ದಾಟಿ ಹೈದರಾಬಾದಿನ ನಿಜಾಮರ ಕಾಲಕ್ಕೆ ಬರೋಣ. 1853ರಲ್ಲಿ ದಿವಾನರಾದ ಒಂದನೆಯ ಸಾಲಾರ್ ಜಂಗರು ಆ ರಾಜ್ಯಕ್ಕೆ ಹೊಸ ಆಡಳಿತದ ಕಟ್ಟನ್ನು ಕೊಟ್ಟವರು. ಅದಕ್ಕೆ ಮುಂಚೆ ಕಂದಾಯ ವಸೂಲಿಯು ಗುತ್ತಿಗೆದಾರರ ಕೈಯಲ್ಲಿದ್ದಿತು. 1865ರ ಜಿಲಾಬಂದಿಯಿಂದ ಜಿಲ್ಲೆಗಳು ಏರ್ಪಟ್ಟವು. ತರುವಾಯ ಹಲವು ಜಿಲ್ಲೆಗಳು ಸೇರಿ ಒಂದೊಂದು ಸುಭೆಯಾಯಿತು. ಕಲಬುರ್ಗಿ ಅಂತಹ ಸುಭೆಯೊಂದರ ಕೇಂದ್ರವಾಯಿತು. ಸುಭೆಗೆ ಸುಭೇದಾರ, ಜಿಲ್ಲೆಗೆ ಅವ್ವಲ್ ತಾಲ್ಲೂಕದಾರ, ಅವನ ಕೆಳಗೆ ದುವ್ವಂ ಮತ್ತು ಸುವ್ವಂ ತಾಲ್ಲೂಕದಾರರು, ತಾಲ್ಲೂಕಿಗೆ ತಹಶೀಲ್ದಾರ: ಮೆಟ್ಟಿಲುಗಳು ಹೀಗೆ ಸ್ಪಷ್ಟವಾದವು. ಮೈಸೂರು ಸಂಸ್ಥಾನದವರು ಅಮಲ್ದಾರನೆನ್ನುತ್ತಿದ್ದ ಅಧಿಕಾರಿಯೇ ಅಲ್ಲಿ ತಹಶೀಲ್ದಾರ. ಇಲ್ಲಿಯ ಶ್ಯಾನುಭೋಗನೇ ಅಲ್ಲಿಯ ಪಟವಾರಿ.

ಮೆಟ್ಟಿಲುಗಳೇನೋ ಏರ್ಪಟ್ಟವು, ಏರುವವರು ಯಾರು? ಹೊಸ ಆಡಳಿತವನ್ನು ಬಲ್ಲವರು ರಾಜ್ಯದೊಳಗೆ ವಿರಳವಾಗಿದ್ದುದರಿಂದ ಸಾಲಾರ್ ಜಂಗರು ಉತ್ತರ ಹಿಂದೂಸ್ತಾನದಿಂದ ಸಮರ್ಥರನ್ನು ಕರೆತಂದರು. ಸಯ್ಯದ್ ಹುಸೇನ್ ಬಿಲ್ಗ್ರಾಮಿ, ಮೊಹಸಿನ್-ಉಲ್-ಮುಲ್ಕ್, ವಿಕಾರ್-ಉಲ್-ಮುಲ್ಕ್, ಚಿರಾಗ್ ಅಲಿ ಮೊದಲಾದವರು ಹೀಗೆ 1870ರ ದಶಕದಲ್ಲಿ ಬಂದವರು. ಅವರ ಯೋಗ್ಯತೆ ದೊಡ್ಡದು. ಅವರು ಮಾಡಿದ ಕೆಲಸವೂ ಸಣ್ಣದಲ್ಲ. ಆದರೆ ಕಾಗಿಣಾ ತೀರದ ಮನೆತನಗಳಿಗೆ ಉಳಿದುದು ಪಟೇಲಿಕೆ, ಪಟವಾರಿಕೆ, ದೇಶಮುಖಿ, ದೇಶಪಾಂಡೆತನಗಳೆಂಬ ವಂಶಪಾರಂಪರ್ಯದ ವೃತ್ತಿಗಳು ಮಾತ್ರ. ಊರಿನ ಲೆಕ್ಕ ದೇಶಭಾಷೆಯಲ್ಲಿ ನಡೆಯುತ್ತಿದ್ದಿತು. ತಹಶೀಲು ಕಚೇರಿಯಿಂದ ಮೇಲಕ್ಕೆ ಮೊದಲು ಫಾರ್ಸಿ, 1880ರ ದಶಕದಿಂದ ಉರ್ದು. ಕನ್ನಡ ಬಲ್ಲವನಿಗೆ ಊರಿನ ದಫ್ತರವು ಕೈವಶವಾಗಿದ್ದಿತು, ತಾಲ್ಲೂಕಿನ ದಫ್ತರವು ದೂರವಾಗಿದ್ದಿತು. ಇದರ ಮೇಲೆ, ಕಲಬುರ್ಗಿ ಜಿಲ್ಲೆಯ ಹಲವು ಗ್ರಾಮಗಳು ಜಾಗೀರು, ಪಾಯಗಾ ಇಲಾಕೆಗಳಿಗೆ ಸೇರಿದ್ದವು. ಅಲ್ಲಿಯ ನೌಕರಿಯು ಸರ್ಕಾರದ ಅಪ್ಪಣೆಗಿಂತ ಒಡೆಯನ ಮರ್ಜಿಯನ್ನೇ ಅವಲಂಬಿಸಿದ್ದಿತು.

1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಮುಂಬಯಿಯಿಂದ ರಾಯಚೂರಿಗೆ ಹೋಗುವ ದಾರಿಯಲ್ಲಿ ಶಹಾಬಾದು. ವಾಡಿಯಿಂದ ಕವಲೊಡೆದ ದಾರಿಯಲ್ಲಿ ಚಿತ್ತಾಪುರ, ಮಳಖೇಡ, ಸೇಡಂ. ಚಿಂಚೋಳಿಯೊಂದು ರೈಲಿನ ಮುಖ ಕಾಣದೆ ಉಳಿಯಿತು. ವಿದ್ಯೆ, ವಕೀಲಿ, ನೌಕರಿ ಮೂರಕ್ಕೂ ಹೈದರಾಬಾದೇ ಗುರಿಯಾಯಿತು. 1918ರಲ್ಲಿ ಅಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ದೇಶಭಾಷೆಯೊಂದರಲ್ಲಿ ಉಚ್ಚಶಿಕ್ಷಣವನ್ನು ಕೊಡಲು ಧೈರ್ಯಮಾಡಿತೆಂಬುದು ಭಾರತದ ವಿದ್ಯಾಚರಿತ್ರೆಯಲ್ಲಿ ಸ್ಮರಣೀಯವಾದುದು. ಆದರೆ ಆ ಭಾಷೆ ಉರ್ದು. ರಾಜ್ಯದ ಬಹುಜನರಾದ ತೆಲುಗರು, ಮರಾಠರು, ಕನ್ನಡಿಗರಿಗೆ ಅದು ಮನೆಯ ಮಾತಾಗಿರಲಿಲ್ಲ.

1919ರಲ್ಲಿ ನಿಜಾಮರು ಮುಲ್ಕಿ ನಿಯಮಗಳನ್ನು ಹೊರಡಿಸಿದರು. ರಾಜ್ಯದಲ್ಲಿ ಹುಟ್ಟಿದವನು ಅಥವಾ 15 ವರ್ಷ ನೆಲೆಸಿ ಇಲ್ಲಿಯೇ ಉಳಿಯಲು ಒಪ್ಪಿದವನು ಮುಲ್ಕಿ. ವಿಶೇಷ ಅಪ್ಪಣೆಯಿಲ್ಲದೆ ಇತರರನ್ನು ಸರ್ಕಾರಿ ಕೆಲಸಕ್ಕೆ ತೆಗೆದುಕೊಳ್ಳಕೂಡದು. ಅದೇ ವರ್ಷ ಮೈಸೂರಿನಲ್ಲಿ ಮಿಲ್ಲರ್ ಸಮಿತಿಯು ತನ್ನ ವರದಿಯನ್ನು ಒಪ್ಪಿಸಿತು. ಅದು ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟೂ ಕೆಳಗಿನವುಗಳಲ್ಲಿ ಮೂರನೆಯ ಎರಡರಷ್ಟೂ ಹಿಂದುಳಿದ ಸಮುದಾಯಗಳಿಗೆ ದೊರೆಯಬೇಕೆಂದಿತು. ಎರಡನ್ನೂ ಹೋಲಿಸಿ ನೋಡುವುದು ಉಚಿತ. ಮೈಸೂರಿನ ಸಮಿತಿಯು ರಾಜ್ಯದೊಳಗೇ ಯಾರು ಹಿಂದೆ ಬಿದ್ದರೆಂದು ಕೇಳಿತು; ಹೈದರಾಬಾದಿನ ನಿಯಮವು ರಾಜ್ಯದ ಹೊರಗಿನವರಾರೆಂದು ಮಾತ್ರ ಕೇಳಿತು. ಆದುದರಿಂದ ರಾಜಧಾನಿಯ ಮುಲ್ಕಿಗೆ ಅದರಿಂದ ಆದ ಲಾಭವು ಸೇಡಂನ ಮುಲ್ಕಿಗೆ ಆಗಲಿಲ್ಲ. ಹಕ್ಕು ಇಬ್ಬರಿಗೂ ಒಂದೇ. ಶಾಲೆ ಒಂದೇ ಆಗಿರಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದೊಡನೆ ಸೇರಿತು; 1949ರಲ್ಲಿ ಜಾಗೀರುಗಳು ರದ್ದಾದವು; 1956ರ ನವೆಂಬರ್ 1ರಂದು ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳು ಮೈಸೂರು ರಾಜ್ಯವನ್ನು ಕೂಡಿಕೊಂಡವು. ಕನ್ನಡಿಗರು ಒಂದೇ ಮನೆಯವರಾದ ಆ ದಿನ ನಮಗೆಲ್ಲ ಹಬ್ಬದ ದಿನ. ಆದರೆ ಆ ಹಬ್ಬದ ಮರುದಿನದ ಲೆಕ್ಕವನ್ನೂ ಚರಿತ್ರಕಾರನು ಬರೆಯಬೇಕಾಗುತ್ತದೆ. ಉರ್ದುವಿನಲ್ಲಿ ಓದಿದ್ದ ತಲೆಮಾರು ಬೆಂಗಳೂರಿನ ಇಂಗ್ಲಿಷ್, ಕನ್ನಡ ದಫ್ತರಗಳ ಮುಂದೆ ನಿಂತಿತು. ಮುಲ್ಕಿ ನಿಯಮದ ಆಸರೆಯೂ ತಪ್ಪಿತು: ಸರ್ಕಾರಿ ನೌಕರಿಗೆ ನಿವಾಸದ ನಿಬಂಧನೆ ಇರಕೂಡದೆಂದು 1957ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿದಾಗ, ಅದೇ ನಿಜಾಮ ರಾಜ್ಯದ ಭಾಗವಾಗಿದ್ದ ತೆಲಂಗಾಣಕ್ಕೆ ವಿನಾಯಿತಿ ದೊರೆಯಿತು, ಕನ್ನಡದ ಮೂರು ಜಿಲ್ಲೆಗಳಿಗೆ ದೊರೆಯಲಿಲ್ಲ. ತೆಲಂಗಾಣದವರು ಮುಂದೆ ಹೋರಾಡಿ, ಸಂವಿಧಾನದ 32ನೆಯ ತಿದ್ದುಪಡಿಯಿಂದ 1974ರಲ್ಲಿ ಜಾರಿಗೆ ಬಂದ 371ಡಿ ವಿಧಿಯನ್ನೂ ಪಡೆದರು.

ಇಷ್ಟರಲ್ಲಿ ಚಿಂಚೋಳಿಯವರಾದ ವೀರೇಂದ್ರ ಪಾಟೀಲರು 1968ರಲ್ಲಿ ರಾಜ್ಯದ ಮುಖ್ಯಮಂತ್ರಿಗಳಾದರು. ಮತದ ದಾರಿಯಲ್ಲಿ ಈ ಸೀಮೆಯವರು ಬಹು ಬೇಗ ಶಿಖರವನ್ನು ಮುಟ್ಟಿದರು. ಪರೀಕ್ಷೆಯ ದಾರಿ ಮಾತ್ರ ಹಾಗೆ ಸುಲಭವಾಗಲಿಲ್ಲ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಕಲಬುರ್ಗಿ ವಿಭಾಗದವು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಅವುಗಳಲ್ಲಿ ಸೇರಿದ್ದವು. ಚಿಂಚೋಳಿಯ ಶಾಸಕರಾಗಿದ್ದ ವೈಜನಾಥ ಪಾಟೀಲರು ಮೊದಲಾದವರ ದೀರ್ಘ ಹೋರಾಟ, ದೆಹಲಿಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರ ಪ್ರಯತ್ನ ಇವುಗಳ ಫಲವಾಗಿ 2012ರಲ್ಲಿ 98ನೆಯ ತಿದ್ದುಪಡಿಯು ಪಾರ್ಲಿಮೆಂಟಿನಲ್ಲಿ ಅಂಗೀಕೃತವಾಗಿ, 371ಜೆ ವಿಧಿಯು 2013ರಲ್ಲಿ ಜಾರಿಗೆ ಬಂದಿತು.

ಅದರಂತೆ ಈ ಪ್ರದೇಶದ ಸ್ಥಾನಿಕ ವೃಂದಗಳಲ್ಲಿ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ನೂರಕ್ಕೆ 75, ಸಿ ಗುಂಪಿನಲ್ಲಿ 80, ಡಿ ಗುಂಪಿನಲ್ಲಿ 85 ಸ್ಥಳೀಯರಿಗೆ ಮೀಸಲಾದವು. ರಾಜ್ಯಮಟ್ಟದ ಕಚೇರಿಗಳಲ್ಲಿ ನೂರಕ್ಕೆ 8. ಎ ಗುಂಪಿನಲ್ಲಿ ಈ ಮೀಸಲಾತಿಯು ಕಿರಿಯ ಶ್ರೇಣಿಗೆ ಮಾತ್ರ ಸಲ್ಲುವುದು. ಮುಲ್ಕಿಗೆ 15 ವರ್ಷದ ವಾಸ ಬೇಕಾಗಿದ್ದರೆ, ಇಲ್ಲಿ 2013ರ ಜನವರಿ 1ಕ್ಕೆ ಮುಂಚೆ 10 ವರ್ಷದ ವಾಸ ಅಥವಾ ಈ ಪ್ರದೇಶದಲ್ಲಿ ಜನನ. ತೊಂಬತ್ತು ವರ್ಷಗಳ ತರುವಾಯ ಹಳೆಯ ಪ್ರಶ್ನೆಯೇ ಹೊಸ ಉಡುಪಿನಲ್ಲಿ ಮರಳಿತು.

ಈಗ ಚಿಂಚೋಳಿಯ ಒಬ್ಬ ಹುಡುಗಿಯು ಕರ್ನಾಟಕ ಆಡಳಿತ ಸೇವೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ತಹಶೀಲ್ದಾರಳಾಗಬಹುದು. ಸೇಡಂನಲ್ಲಿರುವ ಉಪವಿಭಾಗಾಧಿಕಾರಿಯ ಕಚೇರಿಯಲ್ಲಿ ಅಧಿಕಾರ ನಡೆಸಬಹುದು. ಅಲ್ಲಿಂದ ಮೇಲೆ, ಜಿಲ್ಲಾಧಿಕಾರಿಯ ಪೀಠಕ್ಕೂ ಹಿಂದಿನ ಸುಭೇದಾರನ ಸ್ಥಾನದಲ್ಲಿರುವ ಪ್ರಾದೇಶಿಕ ಆಯುಕ್ತರ ಪೀಠಕ್ಕೂ ಅಖಿಲ ಭಾರತ ಸೇವೆಯೇ ದ್ವಾರ. ಅಲ್ಲಿ 371ಜೆಯ ಮೀಸಲಾತಿಯಿಲ್ಲ. ನೇರ ಪರೀಕ್ಷೆಯಿಂದಾಗಲಿ ರಾಜ್ಯ ಸೇವೆಯಿಂದ ಬಡ್ತಿ ಹೊಂದಿಯಾಗಲಿ ಪ್ರವೇಶಿಸಬೇಕು. ಶಹಾಬಾದಿನ, ವಾಡಿಯ, ಮಳಖೇಡದ, ಸೇಡಂನ ಸಿಮೆಂಟ್ ಕಾರ್ಖಾನೆಗಳೂ ಈ ನಿಯಮದ ಹೊರಗೆ. ನೆಲದ ಸುಣ್ಣಕಲ್ಲು ಇಲ್ಲಿಯದಾದರೂ, ಆ ಕಂಪನಿಗಳ ಮುಖ್ಯ ಕಾರ್ಯಾಲಯಗಳು ಹೊರನಾಡಿನ ದೊಡ್ಡ ಪಟ್ಟಣಗಳಲ್ಲಿ ಬೆಳೆದುವು.

ಇದರಿಂದ ನಮಗೆ ತೋರುವ ಸಾರಾಂಶವಿದು. ಹುಟ್ಟಿನ ಹಕ್ಕು ಬಾಗಿಲನ್ನು ತೆರೆಯಬಲ್ಲುದು. ಮೆಟ್ಟಿಲು ಹತ್ತುವ ಕಾಲಿಗೆ ಬಲ ಕೊಡುವುದು ಶಾಲೆ. ಮುಲ್ಕಿ ನಿಯಮವು ಸೇಡಂನವನಿಗೆ ಹೆಚ್ಚಾಗಿ ನೆರವಾಗದೆ ಹೋದುದು ನಿಯಮದ ದೋಷಕ್ಕಿಂತ ಮಿಗಿಲಾಗಿ ಅವನ ಮಾತಿನಲ್ಲಿ ಕಲಿಸುವ ಪ್ರೌಢಶಾಲೆಯ ಅಭಾವದಿಂದ. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ನೂರಕ್ಕೆ 75ನ್ನು ದಾಟಿದ್ದಾಗ ಕಲಬುರ್ಗಿ ಜಿಲ್ಲೆಯದು 65ನ್ನು ಮುಟ್ಟಿರಲಿಲ್ಲ. 1980ರಲ್ಲಿ ಕಲಬುರ್ಗಿಗೆ ವಿಶ್ವವಿದ್ಯಾನಿಲಯವು ಬಂದಿತು. ಈ ಭಾಗದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70 ಸ್ಥಾನಗಳು ಸ್ಥಳೀಯರಿಗೆ ಮೀಸಲಾದವು. ಆದರೆ ವಿಶ್ವವಿದ್ಯಾನಿಲಯದ ಬಾಗಿಲಿಗೆ ಬರುವ ಮುನ್ನ ಹಳ್ಳಿಯ ಶಾಲೆಯಲ್ಲಿ ಗಣಿತವನ್ನೂ ಭಾಷೆಯನ್ನೂ ಕಲಿಸುವ ಉಪಾಧ್ಯಾಯನು ಬೇಕು. ಮೀಸಲಾದ ಹುದ್ದೆಗೆ ತಕ್ಕ ಅಭ್ಯರ್ಥಿ ದೊರೆಯಬೇಕಾದರೆ ಅವನೇ ಮೊದಲು ಅಲ್ಲಿ ನೆಲೆಸಬೇಕು. ಆರು ಮಂದಿ ಭಂಡಾರಿಗರಿಗೆ ಭೂಮಿಯನ್ನು ಬಿಡಿಸಿದ ನಾಗಾವಿಯ ಅಧಿಕಾರಿಯು ಈ ಕ್ರಮವನ್ನು ಚೆನ್ನಾಗಿ ಅರಿತಿದ್ದನೆಂದು ಕಾಣುತ್ತದೆ. ಈ ಸೀಮೆಯಿಂದ ಮೇಲೇರುವ ಅಧಿಕಾರಿಗಳು ತಮ್ಮ ಊರಿನ ಶಾಲೆಗೆ ಅಷ್ಟನ್ನು ಮಾಡಿಸಿದರೆ, 371ಜೆಯು ಕೊಟ್ಟ ಬಾಗಿಲಿನಲ್ಲಿ ಅವರ ಹಿಂದೆ ಬರುವವರ ಸಾಲು ಬೆಳೆಯುವುದು.